ಟ್ರೇಲರ್‌ನಲ್ಲಿ ಕಂಡ ಆಟ ಕೈಗೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ?

ದೊಡ್ಡ ಫ್ಯಾಂಟಸಿ ಆರ್‌ಪಿಜಿಯೊಂದು (ಒಂದು ಪಾತ್ರವಾಗಿ ಆಡುತ್ತ ಅದನ್ನು ಬೆಳೆಸುವ ವಿಡಿಯೊ ಗೇಮ್) ಬಿಡುಗಡೆಯಾದ ವಾರ ಕಲಬುರಗಿಯ ಗೇಮಿಂಗ್ ಕೆಫೆಯಲ್ಲೋ ಹಾಸ್ಟೆಲ್ ಕೋಣೆಯಲ್ಲೋ ಕಿವಿಗೊಟ್ಟರೆ ಎರಡು ಮಾತು ಕೇಳಿಬರುತ್ತವೆ. ಮೊದಲ ದಿನ, “ಭಾಳ ಹವಾ ಅದ ಅಣ್ಣಾ, ತಗೊಳ್ಳೇಬೇಕು.” ವಾರ ಕಳೆಯುವಷ್ಟರಲ್ಲಿ, “ಬೇಕಾರ್ ಅದ, ರೊಕ್ಕ ನೀರಾಗ ಹೋತು.” ಕಂಪನಿ ಮೋಸ ಮಾಡಿತು ಎಂದು ಒಬ್ಬರು, ನಿನಗೇ ಆಡಲು ಬರುವುದಿಲ್ಲ ಎಂದು ಇನ್ನೊಬ್ಬರು ವಾದಕ್ಕೆ ಇಳಿಯುತ್ತಾರೆ. ಕಾರಣ ಬಹುತೇಕ ಇವೆರಡೂ ಅಲ್ಲ. ಆಟ ತಯಾರಾಗುವ ಕ್ರಮದಲ್ಲೇ ಅದು ಅಡಗಿದೆ. ತೋರಿಸಲು ಸುಲಭವಾದದ್ದು ಟ್ರೇಲರ್ ಸೇರುತ್ತದೆ, ಕಟ್ಟಲು ದುಬಾರಿಯಾದದ್ದು ಕೊನೆಯ ವರ್ಷ ಕತ್ತರಿಗೆ ಸಿಗುತ್ತದೆ. ಯಾವುದು ಸುಲಭ, ಯಾವುದು ದುಬಾರಿ ಎಂದು ಗೊತ್ತಿದ್ದವರು ಮೂರರಿಂದ ಐದು ಸಾವಿರ ರೂಪಾಯಿ ಕೊಡುವ ಮೊದಲೇ ಆಟದ ಬಗ್ಗೆ ಬಹಳಷ್ಟು ಹೇಳಬಲ್ಲರು.

ಆರ್‌ಪಿಜಿಗೂ ಬೇರೆ ಆಟಗಳಿಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಫುಟ್‌ಬಾಲ್ ಆಟ, ಗುಂಡು ಹಾರಿಸುವ ಆಟ ಹೇಗಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಆರ್‌ಪಿಜಿ ಕೊಡುವ ಭರವಸೆಗಳು ಬೇರೆ ಜಾತಿಯವು: ಜಗತ್ತು ತಾನಾಗಿ ಬದುಕುತ್ತದೆ, ನೀವು ತೆಗೆದುಕೊಂಡ ನಿರ್ಧಾರ ಮೂವತ್ತು ಗಂಟೆಯ ನಂತರವೂ ನೆನಪಿರುತ್ತದೆ, ನಿಮ್ಮ ಪಾತ್ರ ಬೆಳೆದಂತೆ ಆಡುವ ರೀತಿಯೂ ಬದಲಾಗುತ್ತದೆ. ಇವು ಯಾವುವೂ ಎರಡು ನಿಮಿಷದ ವಿಡಿಯೊದಲ್ಲಿ ಕಾಣುವಂಥವಲ್ಲ. ವಿಡಿಯೊದಲ್ಲಿ ಕಾಣುವುದು ಬೆಳಕು, ಡ್ರ್ಯಾಗನ್, ಬೆಟ್ಟ, ಹಿನ್ನೆಲೆ ಸಂಗೀತ. ನೋಡಿದವರು ಮಾತ್ರ ಕಾಣದ ಭರವಸೆಗಳನ್ನೂ ಅದರೊಳಗೆ ತುಂಬಿಕೊಳ್ಳುತ್ತಾರೆ.

ಒಂದು ಮೂಲೆ ಮಾತ್ರ ಮುಗಿದ ತಟ್ಟೆ

ಬಿಡುಗಡೆಗೆ ಒಂದೆರಡು ವರ್ಷ ಮೊದಲು ವೇದಿಕೆಯ ಮೇಲೆ ತೋರಿಸುವ ಆಟದ ತುಣುಕಿಗೆ ಉದ್ಯಮದಲ್ಲಿ ‘ವರ್ಟಿಕಲ್ ಸ್ಲೈಸ್’ ಎನ್ನುತ್ತಾರೆ. ಹತ್ತು ಇಪ್ಪತ್ತು ನಿಮಿಷದ ಒಂದೇ ಭಾಗವನ್ನು ಚಿತ್ರ, ಧ್ವನಿ, ಕಾದಾಟ, ಸಂಭಾಷಣೆ ಎಲ್ಲದರಲ್ಲೂ ಅಂತಿಮ ಗುಣಮಟ್ಟಕ್ಕೆ ತಂದಿರುತ್ತಾರೆ. ಬೀದರ್‌ನ ಬಿದ್ರಿ ಕೆಲಸ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಸತು ಮತ್ತು ತಾಮ್ರದ ಎರಕ ಹೊಯ್ದು, ಅರದಿಂದ ಉಜ್ಜಿ, ಗೆರೆ ಕೊರೆದು, ಬೆಳ್ಳಿ ಕೂರಿಸಿ, ಕಡೆಗೆ ಕೋಟೆಯ ಮಣ್ಣು ಬಳಸಿ ಕಪ್ಪು ಬರಿಸಬೇಕು. ಒಂದಿಂಚು ಜಾಗದಲ್ಲಿ ಇದನ್ನೆಲ್ಲ ಮುಗಿಸಿ ತೋರಿಸಿದರೆ ಉಳಿದ ತಟ್ಟೆ ಇನ್ನೂ ಒರಟು ಎರಕವಾಗಿಯೇ ಇರುತ್ತದೆ. ತಟ್ಟೆಯಲ್ಲಾದರೆ ಉಳಿದ ಕೆಲಸವೂ ಅದೇ ಜಾತಿಯದು, ಎಷ್ಟು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕಬಹುದು. ಆಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದು ಬೀದಿಯಲ್ಲಿ ಚೆನ್ನಾಗಿ ನಡೆದ ವ್ಯವಸ್ಥೆ ನಗರಕ್ಕೆಲ್ಲ ಹಬ್ಬಿದಾಗ ಬೇರೆಯೇ ರೀತಿ ವರ್ತಿಸುತ್ತದೆ. ಕತ್ತರಿ ಬೀಳುವುದು ಅಲ್ಲಿ.

ಇದಕ್ಕೆ ಹಳೆಯ, ಚೆನ್ನಾಗಿ ದಾಖಲಾದ ಉದಾಹರಣೆ 2004ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ‘ಫೇಬಲ್’. ತಯಾರಾಗುತ್ತಿದ್ದಾಗ ಅದರ ಮುಖ್ಯಸ್ಥ ಪೀಟರ್ ಮಾಲಿನ್ಯೂ, ಕಾಲ ಸರಿದಂತೆ ಮರಗಳು ಬೆಳೆಯುತ್ತವೆ ಎಂದು ಸಂದರ್ಶನಗಳಲ್ಲಿ ಹೇಳಿದ್ದರು. ನೆಟ್ಟ ಬೀಜ ಮುಂದೆ ಹೆಮ್ಮರವಾಗುವುದನ್ನು ಕಾಣಲು ಆಟಗಾರರು ಕಾದು ಕೂತರು. ಆಟ ಬಂದಾಗ ಅದು ಇರಲಿಲ್ಲ. ಬಿಡುಗಡೆಯ ನಂತರ ಅವರು ಬಹಿರಂಗವಾಗಿ ಕ್ಷಮೆ ಕೇಳಿ ಕಾರಣವನ್ನೂ ಕೊಟ್ಟರು: ಮರ ಬೆಳೆಸುವ ಕೋಡ್ ಬರೆದಾಗಿತ್ತು, ಆದರೆ ಅದೊಂದೇ ಪ್ರೊಸೆಸರ್ ಸಮಯದ ಶೇ. 15ರಷ್ಟು ತಿನ್ನುತ್ತಿತ್ತು. ಈ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೆಕೆಂಡಿಗೆ 30 ಚಿತ್ರ ತೋರಿಸಬೇಕೆಂದರೆ ಪ್ರತಿ ಚಿತ್ರಕ್ಕೆ ಸಿಗುವುದು 33.3 ಮಿಲಿಸೆಕೆಂಡ್. ಅದರಲ್ಲಿ ಶೇ. 15 ಎಂದರೆ 5 ಮಿಲಿಸೆಕೆಂಡ್. ಶತ್ರುಗಳು ಎತ್ತ ನಡೆಯಬೇಕು, ಕತ್ತಿ ಯಾರಿಗೆ ತಾಗಿತು, ಯಾವ ಸದ್ದು ಬರಬೇಕು ಎಂಬ ಕೆಲಸಗಳೆಲ್ಲ ಉಳಿದ ಸಮಯದಲ್ಲಿ ಮುಗಿಯಬೇಕು. ನೂರರಲ್ಲಿ ತೊಂಬತ್ತು ಜನ ಗಮನಿಸದ ಒಂದು ಮರಕ್ಕಾಗಿ ಕಾದಾಟವನ್ನು ಎಳೆದಾಡುವಂತೆ ಮಾಡಲು ಯಾವ ತಂಡವೂ ಒಪ್ಪುವುದಿಲ್ಲ. ಆ ತಂಡದ ನಿರ್ಧಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಲೆಕ್ಕ ಮುಗಿಯುವ ಮೊದಲೇ ಮಾತು ಕೊಟ್ಟದ್ದರಲ್ಲಿ.

ಹಾಗಾಗಿ ಬಿಡುಗಡೆಗೆ ಮೊದಲಿನ ವಿಡಿಯೊ ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಚೆಂದ ಇದೆಯೇ’ ಎಂಬುದಲ್ಲ. ಕ್ಯಾಮೆರಾ ಆಟಗಾರನ ಕೈಯಲ್ಲಿದೆಯೇ? ಪರದೆಯ ಮೇಲೆ ಜೀವದ ಪಟ್ಟಿ, ನಕ್ಷೆ, ಬಟನ್ ಸೂಚನೆ ಕಾಣುತ್ತಿವೆಯೇ? ಒಂದೇ ಜಾಗದಲ್ಲಿ ಎರಡು ಬೇರೆ ರೀತಿಯಲ್ಲಿ ಆಡಿ ತೋರಿಸಿದರೇ? ಆಟ ಬರಲು ಎರಡು ತಿಂಗಳಷ್ಟೇ ಇದ್ದಾಗಲೂ ತೋರಿಸುತ್ತಿರುವುದು ಅದೇ ಹಳೆಯ ಕಾಡು, ಅದೇ ಸೇತುವೆ ಎಂದಾದರೆ ಉಳಿದ ಭಾಗ ತೋರಿಸುವ ಸ್ಥಿತಿಯಲ್ಲಿ ಇಲ್ಲ ಎಂದು ಊಹಿಸಿದರೆ ತಪ್ಪಾಗಲಿಕ್ಕಿಲ್ಲ.

ನಿಮ್ಮ ನಿರ್ಧಾರಕ್ಕೆ ಬೆಲೆ ಎಷ್ಟು?

‘ನಿಮ್ಮ ಪ್ರತಿ ಆಯ್ಕೆಯೂ ಕಥೆ ಬದಲಿಸುತ್ತದೆ’ ಎಂಬುದು ಆರ್‌ಪಿಜಿ ಪ್ರಚಾರದಲ್ಲಿ ಅತಿ ಹೆಚ್ಚು ಬಳಕೆಯಾಗುವ ಮಾತು. ಈಡೇರಿಸಲು ಅತಿ ಕಷ್ಟದ ಮಾತೂ ಅದೇ. ಎರಡು ದಾರಿಯ ಒಂದು ಆಯ್ಕೆ ಎಂದರೆ ಎರಡು ಕಥೆ. ಅಂಥ ಐದು ಆಯ್ಕೆ ಒಂದರ ಮೇಲೊಂದು ಬಂದರೆ 32 ಕಥೆ. ಹತ್ತಾದರೆ 1,024. ಪ್ರತಿ ಕವಲಿಗೂ ಸಂಭಾಷಣೆ ಬರೆಯಬೇಕು, ನಟರಿಂದ ಧ್ವನಿ ತುಂಬಿಸಬೇಕು, ಮುಖದ ಚಲನೆ ಕೂರಿಸಬೇಕು, ಹಲವು ಭಾಷೆಗೆ ಅನುವಾದಿಸಬೇಕು, ಎಲ್ಲವನ್ನೂ ಆಡಿ ಪರೀಕ್ಷಿಸಬೇಕು. ಹೆಚ್ಚಿನ ಆಟಗಾರರು ಒಂದೇ ಸಲ ಆಡುವುದರಿಂದ ಈ ಕೆಲಸದ ಬಹುಪಾಲು ಅವರ ಕಣ್ಣಿಗೇ ಬೀಳುವುದಿಲ್ಲ.

ಆದ್ದರಿಂದ ಬಹುತೇಕ ಸ್ಟುಡಿಯೊಗಳು ಕವಲು ಒಡೆದು ಸ್ವಲ್ಪ ದೂರದಲ್ಲೇ ಮತ್ತೆ ಕೂಡಿಸುತ್ತವೆ. ಹಳ್ಳಿ ಉಳಿಸಿದರೂ ಸುಟ್ಟರೂ ಮುಂದಿನ ಅಧ್ಯಾಯ ಅದೇ ಕೋಟೆಯ ಬಾಗಿಲಲ್ಲಿ ಶುರುವಾಗುತ್ತದೆ. ಇದರಲ್ಲಿ ಮೋಸವೇನಿಲ್ಲ. ಒಳ್ಳೆಯ ಬರಹಗಾರರು ಕೂಡಿದ ನಂತರವೂ ವ್ಯತ್ಯಾಸದ ಗುರುತು ಉಳಿಸುತ್ತಾರೆ: ಸಂಗಡಿಗ ಮಾತಾಡುವ ಧಾಟಿ ಬೇರೆ, ಅಂಗಡಿಯವ ಹೇಳುವ ಬೆಲೆ ಬೇರೆ, ಹತ್ತು ಗಂಟೆಯ ನಂತರ ಎದುರಾಗುವ ಮುಖ ಬೇರೆ. ಅವಸರದಲ್ಲಿ ಮುಗಿಸಿದ ಆಟದಲ್ಲಿ ಉಳಿಯುವುದು ಒಂದು ಸಾಲಿನ ಸಂಭಾಷಣೆ ಮಾತ್ರ.

‘ಡ್ರ್ಯಾಗನ್ ಏಜ್’ ಸರಣಿಯಲ್ಲಿ ಈ ಖರ್ಚು ಬರಿಗಣ್ಣಿಗೆ ಕಾಣುತ್ತದೆ. 2009ರಲ್ಲಿ ಮೊದಲ ಆಟ ಬಂತು. ಅಲ್ಲಿ ತೆಗೆದುಕೊಂಡ ನಿರ್ಧಾರಗಳು ಮುಂದಿನ ಆಟಗಳಿಗೂ ಸಾಗಿಬಂದವು. 2014ರ ‘ಇನ್‌ಕ್ವಿಸಿಷನ್’ ಹೊತ್ತಿಗೆ ಹಿಂದಿನ ಆಯ್ಕೆಗಳನ್ನು ಗುರುತು ಹಾಕಿ ಹೊಸ ಆಟಕ್ಕೆ ತರಲೆಂದೇ ‘ಡ್ರ್ಯಾಗನ್ ಏಜ್ ಕೀಪ್’ ಎಂಬ ಪ್ರತ್ಯೇಕ ಜಾಲತಾಣ ಕಟ್ಟಬೇಕಾಯಿತು, ಅದರ ತುಂಬ ನೂರಾರು ಆಯ್ಕೆಗಳು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರ್ 31ರಂದು ‘ದ ವೇಲ್‌ಗಾರ್ಡ್’ ಬಂತು. ಹಿಂದಿನ ಆಟದಿಂದ ಅದು ಕೇಳುವುದು ಮೂರೇ ನಿರ್ಧಾರ: ನಿಮ್ಮ ನಾಯಕ ಯಾರನ್ನು ಪ್ರೀತಿಸಿದ, ಇನ್‌ಕ್ವಿಸಿಷನ್ ಸಂಸ್ಥೆಯನ್ನು ಉಳಿಸಿದನೋ ವಿಸರ್ಜಿಸಿದನೋ, ಹಿಂದಿನ ಆಟದ ಸಂಗಡಿಗ ಸೋಲಾಸ್ ಬಗ್ಗೆ ಯಾವ ಪಣ ತೊಟ್ಟ. ಮೊದಲೆರಡು ಆಟಗಳ ನಿರ್ಧಾರಗಳಿಗೆ ಜಾಗವೇ ಇಲ್ಲ. ಕಾದಾಟದಲ್ಲಿ ಜೊತೆಗೆ ಬರುವ ಸಂಗಡಿಗರು ಮೂವರಿಂದ ಇಬ್ಬರಾದರು, ಅವರನ್ನು ನೇರವಾಗಿ ನಾವೇ ಆಡಿಸುವ ಅವಕಾಶವೂ ಹೋಯಿತು. ಕಾದಾಟ ಚುರುಕಾಗಿದೆ, ಪಿಸಿಯಲ್ಲಿ ಆಟ ಸರಾಗವಾಗಿ ಓಡುತ್ತದೆ ಎಂಬುದನ್ನು ಇಷ್ಟಪಡದವರೂ ಒಪ್ಪಿದರು. ಆದರೂ ಹಳೆಯ ಅಭಿಮಾನಿಗಳ ಬೇಸರ ತೀವ್ರವಾಗಿತ್ತು. ಅವರು ಕಾದದ್ದು ತಮ್ಮ ನಿರ್ಧಾರಗಳ ಫಲ ನೋಡಲು. ಆ ತ್ರೈಮಾಸಿಕದಲ್ಲಿ ಆಟವನ್ನು ಮುಟ್ಟಿದವರು ಸುಮಾರು 15 ಲಕ್ಷ, ನಿರೀಕ್ಷೆಗಿಂತ ಹತ್ತಿರ ಹತ್ತಿರ ಶೇ. 50 ಕಡಿಮೆ ಎಂದು ಪ್ರಕಾಶಕ ಕಂಪನಿ ಇಎ 2025ರ ಜನವರಿಯಲ್ಲಿ ತಾನೇ ಹೇಳಿತು.

ಹತ್ತು ವರ್ಷ ಸಿಕ್ಕರೂ ಹೀಗೇಕೆ ಎಂದರೆ, ಆ ಹತ್ತು ವರ್ಷ ಒಂದೇ ಆಟಕ್ಕೆ ಸಿಗಲಿಲ್ಲ. ಮಧ್ಯದಲ್ಲಿ ಯೋಜನೆಯನ್ನು ಆನ್‌ಲೈನ್‌ನಲ್ಲಿ ಹಲವರು ಕೂಡಿ ಆಡುವ ಆಟವಾಗಿ ತಿರುಗಿಸಿದರು, ಆಮೇಲೆ ಮತ್ತೆ ಒಬ್ಬರೇ ಆಡುವ ಆಟಕ್ಕೆ ಮರಳಿದರು. ಮೊದಲ ಸುಳಿವು 2018ರ ಡಿಸೆಂಬರ್‌ನಲ್ಲಿ ಬಂತು, 2022ರಲ್ಲಿ ‘ಡ್ರೆಡ್‌ವುಲ್ಫ್’ ಎಂದು ಹೆಸರಿಟ್ಟರು, 2024ರಲ್ಲಿ ಆ ಹೆಸರನ್ನೂ ಬದಲಿಸಿದರು. ತಿರುವು ಪ್ರತಿ ಸಲ ಬಂದಾಗಲೂ ಬರೆದ ಕಥೆಯ, ಕಟ್ಟಿದ ನಕ್ಷೆಯ ಒಂದು ಪಾಲು ಕಸಕ್ಕೆ ಹೋಗುತ್ತದೆ. ಕಾದ ವರ್ಷಗಳ ಸಂಖ್ಯೆ ನೋಡಿ ಆಟ ಅಷ್ಟು ಮಾಗಿರಬೇಕು ಎಂದುಕೊಳ್ಳುವುದು ಈ ಕಾರಣಕ್ಕೆ ಸರಿಯಲ್ಲ. ಅದರ ತದ್ವಿರುದ್ಧ ತೊಂದರೆ 2011ರ ಮಾರ್ಚ್‌ನಲ್ಲಿ ಬಂದ ‘ಡ್ರ್ಯಾಗನ್ ಏಜ್ 2’ರದ್ದು. ಮೊದಲ ಆಟ ಬಂದ 16 ತಿಂಗಳಿಗೇ ಅದು ಹೊರಬಂತು. ಒಂದೇ ಗುಹೆಯ ನಕ್ಷೆ, ಈ ಸಲ ಈ ಬಾಗಿಲು ಮುಚ್ಚಿ, ಮುಂದಿನ ಸಲ ಆ ಬಾಗಿಲು ಮುಚ್ಚಿ, ಬೇರೆ ಗುಹೆ ಎಂದು ಬಳಸಿದ್ದನ್ನು ಆಡಿದವರು ಬೇಗನೆ ಗುರುತಿಸಿದರು.

ದಾರಿಗಳ್ಳನ ಮೈಮೇಲೆ ಗಾಜಿನ ಕವಚ

ಪಾತ್ರದ ಬೆಳವಣಿಗೆ ಎಲ್ಲಿ ಕೆಡುತ್ತದೆ ಎಂಬುದನ್ನು 2006ರ ‘ಆಬ್ಲಿವಿಯನ್’ ಆಟದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಿಲ್ಲ. ಅದು ತೆರೆದ ಜಗತ್ತು. ಆಟಗಾರ ಮೊದಲು ಎತ್ತ ಹೋಗುತ್ತಾನೆ ಎಂದು ತಯಾರಕರಿಗೆ ಗೊತ್ತಿರುವುದಿಲ್ಲ. ಎತ್ತ ಹೋದರೂ ಕಾದಾಟ ತೀರಾ ಸುಲಭವೂ ಆಗಬಾರದು, ಅಸಾಧ್ಯವೂ ಆಗಬಾರದು ಎಂದು ಶತ್ರುಗಳ ಶಕ್ತಿ ಮತ್ತು ಆಯುಧಗಳನ್ನು ಆಟಗಾರನ ಲೆವೆಲ್‌ಗೇ ಕಟ್ಟಿದರು. ಕಾಗದದ ಮೇಲೆ ಇದು ಜಾಣ ಉಪಾಯ. ಫಲ ಏನಾಯಿತೆಂದರೆ, ನೀವು ಲೆವೆಲ್ ಇಪ್ಪತ್ತು ದಾಟುವಷ್ಟರಲ್ಲಿ ರಸ್ತೆ ಬದಿಯ ಕಳ್ಳನೂ ಜಗತ್ತಿನಲ್ಲೇ ಅಪರೂಪವಾದ ಗಾಜಿನ ಕವಚ ತೊಟ್ಟು ನಿಂತಿರುತ್ತಾನೆ, ಮತ್ತು ನಿಮ್ಮಿಂದ 100 ಚಿನ್ನದ ನಾಣ್ಯ ಕೇಳುತ್ತಾನೆ. ಅವನ ಮೈಮೇಲಿನ ಕವಚದ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು.

ಆ ಒಂದು ದೃಶ್ಯದಲ್ಲಿ ಎರಡು ನಂಬಿಕೆ ಒಟ್ಟಿಗೆ ಒಡೆಯುತ್ತವೆ. ಒಂದು, ಜಗತ್ತಿಗೆ ತನ್ನದೇ ಆದ ಅರ್ಥವಿದೆ ಎಂಬುದು. ಇನ್ನೊಂದು, ನಾನು ಬಲಶಾಲಿಯಾದೆ ಎಂಬುದು. ಲೆವೆಲ್ ಏರಿದಷ್ಟೂ ಎದುರಾಳಿಯೂ ಏರಿದರೆ ಏರಿದ ಅನುಭವವೇ ಆಗುವುದಿಲ್ಲ. 2011ರ ‘ಸ್ಕೈರಿಮ್’ ಹೊತ್ತಿಗೆ ಅದೇ ತಂಡ ಪ್ರದೇಶಕ್ಕೊಂದು ಕನಿಷ್ಠ ಮತ್ತು ಗರಿಷ್ಠ ಲೆವೆಲ್ ನಿಗದಿ ಮಾಡಿ ಇದನ್ನು ಬಹಳಷ್ಟು ಸರಿಪಡಿಸಿತು. ಯಾವುದೇ ಹೊಸ ಆರ್‌ಪಿಜಿ ಕೊಳ್ಳುವ ಮೊದಲು ಹುಡುಕಬೇಕಾದ ಒಂದೇ ಮಾಹಿತಿ ಹೇಳಿ ಎಂದರೆ ನಮ್ಮ ಉತ್ತರ ಇದು: ಆರಂಭದ ಊರಿಗೆ ಮೂವತ್ತು ಗಂಟೆಯ ನಂತರ ಮರಳಿದರೆ ಅಲ್ಲಿನ ತೋಳ ಒಂದೇ ಏಟಿಗೆ ಬೀಳುತ್ತದೆಯೇ? ಆಟದ ಹತ್ತನೇ ಮತ್ತು ಮೂವತ್ತನೇ ಗಂಟೆಯ, ಮಾತಿಲ್ಲದೆ ಬರೀ ಆಡಿ ತೋರಿಸುವ ವಿಡಿಯೊ ಹುಡುಕಿ ನೋಡಿದರೆ ತಿಳಿಯುತ್ತದೆ. ಹೆಚ್ಚಿನ ವಿಮರ್ಶೆಗಳಲ್ಲಿ ಇದು ಒಂದು ವಾಕ್ಯದಲ್ಲಿ ಮುಗಿದಿರುತ್ತದೆ, ಅಥವಾ ಇರುವುದೇ ಇಲ್ಲ.

ಆಟ ಕೆಟ್ಟಿದೆಯೋ, ಯಂತ್ರ ಸೋತಿದೆಯೋ?

ನಮ್ಮ ಭಾಗದಲ್ಲಿ ಬೇಸರದ ದೊಡ್ಡ ಪಾಲು ಇಲ್ಲಿಂದ ಬರುತ್ತದೆ. 4 ಜಿಬಿ ಗ್ರಾಫಿಕ್ಸ್ ಮೆಮೊರಿಯ ಜಿಟಿಎಕ್ಸ್ 1650 ಅಥವಾ ಆರ್‌ಟಿಎಕ್ಸ್ 3050 ಇರುವ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲು. ಇಂಥ ಸ್ಥಿತಿಯಲ್ಲಿ ಆಡಿ ‘ಆಟ ಎಳೀತದ’ ಎಂದು ಬೈಯುವ ಮೊದಲು, ಎಳೆದಾಟ ಯಾವ ಬಗೆಯದು ಎಂದು ನೋಡಬೇಕು. ನಾಲ್ಕು ಬಗೆಗಳಿವೆ, ನಾಲ್ಕಕ್ಕೂ ಮದ್ದು ಬೇರೆ.

ಹೊಸ ಮಂತ್ರ ಪ್ರಯೋಗಿಸಿದಾಗ, ಹೊಸ ಬಾಗಿಲು ತೆರೆದಾಗ ಒಂದು ಕ್ಷಣ ನಿಂತು, ಎರಡನೇ ಸಲ ಅದೇ ಕೆಲಸ ಮಾಡಿದಾಗ ಸರಾಗವಾಗಿ ಸಾಗಿದರೆ ಅದು ಶೇಡರ್ ತೊಂದರೆ. ಶೇಡರ್ ಎಂದರೆ ಬೆಳಕು, ಮೇಲ್ಮೈ ಹೇಗೆ ಕಾಣಬೇಕು ಎಂದು ಹೇಳುವ ಸಣ್ಣ ಪ್ರೋಗ್ರಾಮ್. ಅದನ್ನು ನಿಮ್ಮ ಗ್ರಾಫಿಕ್ಸ್ ಕಾರ್ಡ್‌ಗೆ ತಕ್ಕಂತೆ ಮೊದಲ ಸಲ ಕಂಪೈಲ್ ಮಾಡಬೇಕು, ಅಂದರೆ ಕಾರ್ಡ್‌ನ ಭಾಷೆಗೆ ಬದಲಿಸಬೇಕು. ಆಟ ಶುರುವಾಗುವಾಗ ‘ಶೇಡರ್ ಸಿದ್ಧವಾಗುತ್ತಿದೆ’ ಎಂದು ತೋರಿಸಿದರೆ ಪೂರ್ತಿ ಮುಗಿಯಲು ಬಿಡಿ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದರೆ ಈ ಕೆಲಸ ಮತ್ತೆ ಮೊದಲಿಂದ ಆಗುತ್ತದೆ.

ಶುರುವಿನಲ್ಲಿ ಚೆನ್ನಾಗಿದ್ದು, ಇಪ್ಪತ್ತು ಮೂವತ್ತು ನಿಮಿಷದ ನಂತರ ಗೋಡೆ, ಬಟ್ಟೆ ಮಸುಕಾಗಿ ಕಾಣುತ್ತ ಅಲ್ಲಲ್ಲಿ ಜರ್ಕ್ ಹೊಡೆದರೆ ಗ್ರಾಫಿಕ್ಸ್ ಮೆಮೊರಿ ತುಂಬಿದೆ. ಟೆಕ್ಸ್ಚರ್ (ಮೇಲ್ಮೈ ಚಿತ್ರಗಳ ಗುಣಮಟ್ಟ) ಒಂದು ಮೆಟ್ಟಿಲು ಇಳಿಸಿ, ಆಟ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚದೆ ಬದಲಿಸಿದರೆ ಹಲವು ಆಟಗಳಲ್ಲಿ ಮೆಮೊರಿ ಖಾಲಿಯಾಗುವುದಿಲ್ಲ.

ಹತ್ತು ಹದಿನೈದು ನಿಮಿಷದಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ತೋರುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) ಕುಸಿದು ಅಲ್ಲೇ ನಿಂತರೆ ಅದು ಬಿಸಿ. ಪ್ರೊಸೆಸರ್ 95–100 ಡಿಗ್ರಿ ಮುಟ್ಟಿದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಕೋಣೆಯೇ 38 ಡಿಗ್ರಿ ಇದ್ದಾಗ ಲ್ಯಾಪ್‌ಟಾಪ್ ಫ್ಯಾನ್ ಎಳೆದುಕೊಳ್ಳುವ ಗಾಳಿಯೂ ಅಷ್ಟೇ ಬಿಸಿ. ಹಿಂಭಾಗವನ್ನು ಒಂದೆರಡು ಇಂಚು ಎತ್ತರಿಸಿ, ಹಾಸಿಗೆಯ ಮೇಲೆ ಇಡಬೇಡಿ, ವರ್ಷಕ್ಕೊಮ್ಮೆಯಾದರೂ ಒಳಗಿನ ಧೂಳು ತೆಗೆಸಿ. ವಿಂಡೋಸ್ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲುತ್ತದೆ. ಆಗ ಬಿಸಿ ಗಮನಾರ್ಹವಾಗಿ ಕಡಿಮೆಯಾಗುತ್ತದೆ, ಗ್ರಾಫಿಕ್ಸ್ ಚಿಪ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಚಾರ್ಜರ್ ಹಾಕದೆ ಬ್ಯಾಟರಿಯಲ್ಲಿ ಆಡಿದರಂತೂ ಕಾರ್ಡ್ ಸಾಮಾನ್ಯವಾಗಿ ಪೂರ್ತಿ ಶಕ್ತಿಯಲ್ಲಿ ಓಡುವುದಿಲ್ಲ.

ಕಾಡಿನಲ್ಲಿ ಚೆನ್ನಾಗಿದ್ದು ಊರೊಳಗೆ ಹೊಕ್ಕ ತಕ್ಷಣ ಕುಸಿದರೆ ಅದು ಬಹುತೇಕ ಪ್ರೊಸೆಸರ್ ಮಿತಿ. ಪರೀಕ್ಷೆ ಸರಳ: ಊರಿನ ಒಂದೇ ಜಾಗದಲ್ಲಿ ನಿಂತು ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. 34 ಎಫ್‌ಪಿಎಸ್ ಇದ್ದದ್ದು 55 ಆಯಿತೇ, ಕೊರತೆ ಗ್ರಾಫಿಕ್ಸ್ ಕಾರ್ಡ್‌ನದು. ನೆರಳು, ಮಂಜು ಇಳಿಸಿ, ಅಪ್‌ಸ್ಕೇಲಿಂಗ್ (ಸಣ್ಣ ಚಿತ್ರ ಬಿಡಿಸಿ ದೊಡ್ಡದಾಗಿ ಹಿಗ್ಗಿಸುವ ತಂತ್ರ) ಬಳಸಿದರೆ ದಾರಿಗೆ ಬರುತ್ತದೆ. 34 ಇದ್ದದ್ದು 36 ಆಯಿತೇ, ಕೊರತೆ ಪ್ರೊಸೆಸರ್‌ನದು. ಅಪ್‌ಸ್ಕೇಲಿಂಗ್ ಏನೂ ಮಾಡದು. ಜನಸಂದಣಿ ಮತ್ತು ದೂರದ ವಿವರ ಇಳಿಸಿ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಆಫ್ ಮಾಡಿ, ಫ್ರೇಮ್ ಮಿತಿಯನ್ನು 30ಕ್ಕೆ ಕಟ್ಟಿಹಾಕಿ. 30ರಲ್ಲಿ ಒಂದೇ ಸಮ ಓಡುವ ಆಟ 34 ಮತ್ತು 50ರ ನಡುವೆ ಜಿಗಿಯುವ ಆಟಕ್ಕಿಂತ ಕಣ್ಣಿಗೂ ಕೈಗೂ ಹಿತ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸುವುದು ಈ ಬಗೆಯ ತೊಂದರೆಗೆ ಅತಿ ಕಡಿಮೆ ಖರ್ಚಿನ ಪರಿಹಾರ. ಎರಡು ಕಡ್ಡಿ ಒಟ್ಟಿಗೆ ಕೆಲಸ ಮಾಡುವಾಗ ಆಳದ ಕುಸಿತಗಳು ತಗ್ಗುತ್ತವೆ.

ಇದರಲ್ಲೂ ಆಟದ ಪಾಲು ಇರಬಹುದು. 2024ರ ಮಾರ್ಚ್ 22ರಂದು ಬಂದ ‘ಡ್ರ್ಯಾಗನ್ಸ್ ಡಾಗ್ಮಾ 2’ ದುಬಾರಿ ಕಾರ್ಡ್‌ಗಳಿದ್ದ ಪಿಸಿಗಳಲ್ಲೂ ನಗರದೊಳಗೆ ತೊಡರಿತು. ಪ್ರತಿ ಪಾತ್ರ ಸುತ್ತಲಿನ ಜಗತ್ತಿನ ಮೇಲೆ ಬೀರುವ ಪರಿಣಾಮ ಲೆಕ್ಕ ಹಾಕಲು ಪ್ರೊಸೆಸರ್‌ನ ದೊಡ್ಡ ಪಾಲು ಹೋಗುತ್ತದೆ ಎಂದು ತಯಾರಕ ಕಂಪನಿ ಕ್ಯಾಪ್‌ಕಾಮ್ ವಿವರಣೆ ಕೊಟ್ಟಿತು. ‘ಬದುಕಿರುವ ಜಗತ್ತು’ ಎಂಬ ಭರವಸೆಯ ಬೆಲೆಯನ್ನು ಇಲ್ಲಿ ಆಟಗಾರನ ಪ್ರೊಸೆಸರ್ ತೆತ್ತಿತು. ಫೇಬಲ್ ತಂಡ ಮರವನ್ನು ಕತ್ತರಿಸಿತು, ಈ ತಂಡ ಕತ್ತರಿಸಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದು ಹೆಚ್ಚು ಗೌರವದ ಸೋಲು, ಆದರೆ ಮಧ್ಯಮ ಲ್ಯಾಪ್‌ಟಾಪ್ ಇರುವವರಿಗೆ ಅದರಿಂದ ಪ್ರಯೋಜನವಿಲ್ಲ. ಅದೇ ಆಟದಲ್ಲಿ ಬಿಡುಗಡೆಯ ದಿನ, ಒಮ್ಮೆ ಆಡತೊಡಗಿದವರು ಮತ್ತೆ ಮೊದಲಿಂದ ಆಟ ಶುರುಮಾಡುವ ಆಯ್ಕೆಯೇ ಇರಲಿಲ್ಲ, ಹಣ ಕೊಟ್ಟು ಕೊಳ್ಳುವ ಸಣ್ಣಪುಟ್ಟ ವಸ್ತುಗಳ ಪಟ್ಟಿ ಮಾತ್ರ ಇತ್ತು. ಹೊಸ ಆಟದ ಆಯ್ಕೆ ಆಮೇಲೆ ಪ್ಯಾಚ್‌ನಲ್ಲಿ (ದುರಸ್ತಿ ಅಪ್‌ಡೇಟ್‌ನಲ್ಲಿ) ಬಂತು.

ಸ್ಟೋರ್ ಪುಟದ ‘ಕನಿಷ್ಠ ಅಗತ್ಯ’ ಓದುವಾಗಲೂ ಎಚ್ಚರ ಬೇಕು. ಕನಿಷ್ಠ ಎಂದರೆ ಎಷ್ಟು ರೆಸಲ್ಯೂಷನ್, ಎಷ್ಟು ಎಫ್‌ಪಿಎಸ್ ಎಂದು ಹೇಳಿದ್ದಾರೆಯೇ ನೋಡಿ. 2025ರ ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’ ಪಟ್ಟಿಯಲ್ಲಿ ಶಿಫಾರಸು ಮಾಡಿದ ಯಂತ್ರಕ್ಕೂ 60 ಎಫ್‌ಪಿಎಸ್ ಎಂದು ಬರೆದದ್ದು ಫ್ರೇಮ್ ಜನರೇಷನ್ ಸೇರಿಸಿ. ಅಂದರೆ ನಡುನಡುವಿನ ಚಿತ್ರಗಳನ್ನು ಊಹಿಸಿ ತುಂಬಿದ ಮೇಲೆ ಬರುವ ಸಂಖ್ಯೆ ಅದು. ಚಿತ್ರ ನಯವಾಗಿ ಕಾಣುತ್ತದೆ, ಬಟನ್ ಒತ್ತಿದ್ದಕ್ಕೆ ಸಿಗುವ ಪ್ರತಿಕ್ರಿಯೆ ಮಾತ್ರ ಮೂಲ ವೇಗದ್ದೇ. ಮೂಲ ಫ್ರೇಮ್ 50–60 ಇದ್ದಾಗ ಈ ತಂತ್ರ ಚೆನ್ನ; 25ರ ಮೇಲೆ ಹಾಕಿದರೆ ಕತ್ತಿ ಬೀಸಿದ್ದು ತಡವಾಗಿ ತಾಗುತ್ತದೆ.

ಓದುವ ವೇಗವೂ ಒಂದು ಕಾರಣ

ದೊಡ್ಡ ಫ್ಯಾಂಟಸಿ ಆರ್‌ಪಿಜಿಗಳಲ್ಲಿ ಕನ್ನಡ ಸಬ್‌ಟೈಟಲ್ ಇಲ್ಲ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದವರು ಮಾಮೂಲು ಇಂಗ್ಲಿಷ್ ಚೆನ್ನಾಗಿ ಬಲ್ಲವರಾದರೂ ಈ ಆಟಗಳ ಹಳೆಗಾಲದ ಶೈಲಿಯ ಇಂಗ್ಲಿಷ್, ಕಲ್ಪಿತ ದೇವತೆಗಳ ಹೆಸರು, ವೇಗದ ಉಚ್ಚಾರಣೆ ಎಲ್ಲ ಸೇರಿ ಕಥೆ ಕೈತಪ್ಪುವುದು ಸಹಜ. ‘ಸ್ಟೋರಿನೇ ಹಿಡೀಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಸಬ್‌ಟೈಟಲ್ ಹಾಕಿ, ಅಕ್ಷರದ ಗಾತ್ರ ಹಿಗ್ಗಿಸಿ, ಹಿಂದೆ ಕಪ್ಪು ಪಟ್ಟಿ ಇಡಿ, ಮಾತನ್ನು ಒಂದೊಂದೇ ಸಾಲಾಗಿ ನಾವೇ ಮುಂದೂಡುವ ಆಯ್ಕೆ ಇದ್ದರೆ ಬಳಸಿ. ಹಿಂದಿನ ಸಂಭಾಷಣೆ ಮತ್ತೆ ಓದಲು ಸಿಗುವ ಆಟಗಳನ್ನೇ ಆರಿಸುವುದು ಉತ್ತಮ. ಹಂತ ಹಂತವಾಗಿ ನಿಂತು ಕಾದಾಡುವ ಆಟದಲ್ಲಿ ಓದಲು ಸಮಯ ಸಿಗುತ್ತದೆ, ಓಡುತ್ತ ಹೊಡೆಯುತ್ತ ಸಂಗಡಿಗರು ಮಾತಾಡುವ ಆಟದಲ್ಲಿ ಸಿಗುವುದಿಲ್ಲ.

ಎರಡು ಗಂಟೆಯನ್ನು ಹೇಗೆ ಬಳಸಬೇಕು

ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಎಪಿಕ್ ಸ್ಟೋರ್‌ನಲ್ಲೂ ಹೆಚ್ಚೂಕಡಿಮೆ ಇದೇ ನಿಯಮ. ಜಿಒಜಿಯಲ್ಲಿ 30 ದಿನ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ 14 ದಿನ ಇದ್ದರೂ ಡೌನ್‌ಲೋಡ್ ಶುರುಮಾಡಿದರೆ ಸಾಮಾನ್ಯವಾಗಿ ಹಕ್ಕು ಹೋಗುತ್ತದೆ, ಆದ್ದರಿಂದ ಅಲ್ಲಿ ಕೊಳ್ಳುವ ಮೊದಲೇ ಪೂರ್ತಿ ವಿಚಾರಿಸಬೇಕು. ಹೆಚ್ಚು ದುಡ್ಡು ಕೊಟ್ಟು ಮೂರು ದಿನ ಮೊದಲೇ ಆಡುವ ಆವೃತ್ತಿ ಕೊಂಡರೆ ಆ ಮುಂಚಿನ ಆಟದ ಸಮಯವೂ 2 ಗಂಟೆಯಲ್ಲಿ ಸೇರುತ್ತದೆ. 2024ರ ಏಪ್ರಿಲ್‌ನಿಂದ ಸ್ಟೀಮ್ ಹೀಗೆ ಎಣಿಸುತ್ತಿದೆ. ಬೇರೆ ಅಂಗಡಿಯಲ್ಲಿ ಕೊಂಡ ಕೀ (ಆಟ ತೆರೆಯುವ ಸಂಕೇತ) ಹಾಕಿದ್ದರೆ ಸ್ಟೀಮ್ ಹಣ ಕೊಡುವುದಿಲ್ಲ.

ಡೌನ್‌ಲೋಡ್ ಸಮಯ ಈ ಲೆಕ್ಕಕ್ಕೆ ಬರುವುದಿಲ್ಲ. 100 ಜಿಬಿ ಆಟ 50 ಎಂಬಿಪಿಎಸ್ ಸಂಪರ್ಕದಲ್ಲಿ ಲೆಕ್ಕಕ್ಕೆ ನಾಲ್ಕೂವರೆ ಗಂಟೆ, ವಾಸ್ತವದಲ್ಲಿ ಐದಾರು. ರಾತ್ರಿ ಹಚ್ಚಿ ಮಲಗಿ. ಎಸ್‌ಎಸ್‌ಡಿಯಲ್ಲೇ ಹಾಕಿ. ಈಗಿನ ಆಟಗಳು ಹಾರ್ಡ್ ಡಿಸ್ಕ್‌ನಿಂದ ಓಡಿದರೆ ನೆಲ ಬರುವ ಮೊದಲೇ ನೀವು ಅಲ್ಲಿ ತಲುಪಿರುತ್ತೀರಿ.

ಆಟ ತೆರೆದ ಕ್ಷಣದಿಂದ ಗಡಿಯಾರ ಓಡುತ್ತದೆ, ಶೇಡರ್ ಕಂಪೈಲ್ ಆಗುವ ಹತ್ತು ಇಪ್ಪತ್ತು ನಿಮಿಷವೂ ಸೇರಿ. ಆರ್‌ಪಿಜಿಯಲ್ಲಿ ಇನ್ನೊಂದು ಬಲೆ ಮುಖ ರೂಪಿಸುವ ಪರದೆ. ಮೂಗು, ಕೆನ್ನೆ ತಿದ್ದುತ್ತ ನಲವತ್ತು ನಿಮಿಷ ಕಳೆದವರು ಎಷ್ಟೋ ಜನ. ಸಿದ್ಧ ಮುಖವೊಂದನ್ನು ಆರಿಸಿ ಮುಂದೆ ಹೋಗಿ. ‘ಬಾಲ್ಡರ್ಸ್ ಗೇಟ್ 3’ ಸೇರಿದಂತೆ ಹಲವು ಆಟಗಳಲ್ಲಿ ಮುಂದೆ ಕನ್ನಡಿಯ ಮುಂದೆ ನಿಂತು ಬದಲಿಸಬಹುದು. ಸೆಟ್ಟಿಂಗ್ ಮೀಡಿಯಂ, ಮೋಷನ್ ಬ್ಲರ್ (ಚಲನೆಯ ಮಸುಕು) ಬೇಡ, ಎಫ್‌ಪಿಎಸ್ ಸಂಖ್ಯೆ ಪರದೆಯ ಮೂಲೆಯಲ್ಲಿರಲಿ.

ಮುಂದಿನ ಒಂದು ಗಂಟೆಯಲ್ಲಿ ಮೂರು ಸಂಗತಿ ನೋಡಿ. ಮೊದಲನೆಯದು, ಕಠಿಣತೆ ಏರಿಸಿದಾಗ ಶತ್ರುವಿನ ವರ್ತನೆ ಬದಲಾಗುತ್ತದೆಯೇ ಅಥವಾ ಅವನ ಜೀವದ ಪಟ್ಟಿ ಮಾತ್ರ ಉದ್ದವಾಗುತ್ತದೆಯೇ. ಪಟ್ಟಿ ಮಾತ್ರ ಉದ್ದವಾದರೆ ನಲವತ್ತನೇ ಗಂಟೆಯಲ್ಲೂ ಅದೇ ಮೂರು ಬಟನ್ ಒತ್ತುತ್ತಿರುತ್ತೀರಿ. ಎರಡನೆಯದು, ಒಂದು ಮುಖ್ಯ ಆಯ್ಕೆಯ ಮೊದಲು ಸೇವ್ ಮಾಡಿ, ಎರಡೂ ದಾರಿಯಲ್ಲಿ ಐದೈದು ನಿಮಿಷ ಆಡಿ. ಬರುವ ಉತ್ತರ ಒಂದೇ, ಮುಂದಿನ ಜಾಗವೂ ಒಂದೇ ಎಂದಾದರೆ ಆ ಆಯ್ಕೆ ಹೆಸರಿಗೆ ಮಾತ್ರ. ಮೂರನೆಯದು, ಸಾಧ್ಯವಾದಷ್ಟು ಬೇಗ ಊರಿನೊಳಗೆ ಹೋಗಿ ಮೇಲೆ ಹೇಳಿದ ರೆಸಲ್ಯೂಷನ್ ಪರೀಕ್ಷೆ ಮಾಡಿ. ಮೊದಲ ಎರಡು ಗಂಟೆ ಇಕ್ಕಟ್ಟಾದ ಗುಹೆಯಲ್ಲೇ ಕಳೆಯುವಂತೆ ಕಟ್ಟಿದ ಆಟಗಳೂ ಇವೆ. ಅಂಥವುಗಳ ಬಗ್ಗೆ ನಿಮ್ಮದೇ ಕಾರ್ಡ್ ಇರುವ ಬೇರೆಯವರು ನಗರದಲ್ಲಿ ಆಡಿದ ವಿಡಿಯೊ ನೋಡದೆ ತೀರ್ಮಾನಿಸಬೇಡಿ.

ಲೈಬ್ರರಿಯಲ್ಲಿ ಸಮಯ 1.7 ಗಂಟೆ ಎಂದು ತೋರಿಸಿದಾಗ ನಿಲ್ಲಿಸಿ. ಅಂದರೆ 102 ನಿಮಿಷ ಆಗಿದೆ. ಹಣ ವಾಪಸ್ ಬೇಕಿದ್ದರೆ ಸ್ಟೀಮ್ ಸಪೋರ್ಟ್‌ನಲ್ಲಿ ಆ ಆಟ ಆರಿಸಿ ರಿಫಂಡ್ ಕೇಳಿ. ಕೆಲವು ಪಾವತಿ ವಿಧಾನಗಳಿಗೆ ಹಣ ನೇರವಾಗಿ ಮರಳುವುದಿಲ್ಲ, ಸ್ಟೀಮ್ ವಾಲೆಟ್‌ಗೆ ಬರುತ್ತದೆ.

ಕಾಯುವುದಾದರೆ ಏನಕ್ಕೆ ಕಾಯಬೇಕು ಎಂಬುದೂ ಗೊತ್ತಿರಲಿ. ಎಳೆದಾಟ, ಬಗ್, ಕಾದಾಟದ ಸಮತೋಲ, ಮೆನು ಇವು ಆರು ತಿಂಗಳಲ್ಲಿ ಬಹುತೇಕ ಸುಧಾರಿಸುತ್ತವೆ. ಇಲ್ಲದ ಕವಲು, ಟೊಳ್ಳು ಸಂಭಾಷಣೆ, ಮತ್ತೆ ಮತ್ತೆ ಬರುವ ಅದೇ ಗುಹೆ ಸುಧಾರಿಸುವುದಿಲ್ಲ, ಏಕೆಂದರೆ ಅದಕ್ಕೆ ನಟರನ್ನೂ ಬರಹಗಾರರನ್ನೂ ಮತ್ತೆ ಕರೆಸಬೇಕು. ಆಳಕ್ಕಿಳಿದು ದುರಸ್ತಿ ಮಾಡಿದ ಅಪರೂಪದ ಉದಾಹರಣೆ ಫ್ಯಾಂಟಸಿ ಅಲ್ಲದ ‘ಸೈಬರ್‌ಪಂಕ್ 2077’. 2020ರ ಡಿಸೆಂಬರ್ 10ರಂದು ಅದು ಬಂದಾಗ ವಿಮರ್ಶಕರಿಗೆ ಮೊದಲು ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ಹಳೆಯ ಕನ್ಸೋಲ್‌ಗಳಲ್ಲಿ ಆಟದ ಸ್ಥಿತಿ ಕೊಂಡವರಿಗೆ ಕೊಂಡ ಮೇಲೆಯೇ ಗೊತ್ತಾಯಿತು. ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆದು, 2021ರ ಜೂನ್‌ನಲ್ಲಿ ಮತ್ತೆ ಇಟ್ಟಿತು. ಕೌಶಲಗಳ ವ್ಯವಸ್ಥೆಯನ್ನೇ ಬದಲಿಸಿದ 2.0 ಆವೃತ್ತಿ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ನಿಮ್ಮದೇ ಯಂತ್ರದ ಜಾತಿಯಲ್ಲಿ ಆಡಿ ಬರೆದ ವಿಮರ್ಶೆ ಬರುವವರೆಗೆ ಹಣ ಕೊಡಬಾರದು ಎಂಬ ನಿಯಮಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಆಡಿ ಬೇಸರವಾಗಿ ವಿಮರ್ಶೆ ಬರೆಯುವವರಲ್ಲಿ ಒಂದು ಕೋರಿಕೆ. ‘ವೇಸ್ಟ್’ ಎಂಬ ಒಂದು ಪದದಿಂದ ಯಾದಗಿರಿಯಲ್ಲೋ ಹುಮನಾಬಾದ್‌ನಲ್ಲೋ ಕೂತು ಕೊಳ್ಳಲೋ ಬೇಡವೋ ಎಂದು ಲೆಕ್ಕ ಹಾಕುವವರಿಗೆ ಉಪಯೋಗವಿಲ್ಲ. ಪ್ರೊಸೆಸರ್, ಕಾರ್ಡ್, ರ‍್ಯಾಮ್ ಎಷ್ಟು ಮತ್ತು ಎಷ್ಟು ಕಡ್ಡಿ, ಆಟದ ಆವೃತ್ತಿ ಸಂಖ್ಯೆ, ಯಾವ ಸೆಟ್ಟಿಂಗ್, ಊರೊಳಗೆ ಎಷ್ಟು ಎಫ್‌ಪಿಎಸ್, ಎಷ್ಟು ಗಂಟೆ ಆಡಿದಿರಿ, ಬೇಸರವಾದದ್ದು ಎಳೆದಾಟಕ್ಕೋ ಕಥೆಗೋ ಕಾದಾಟಕ್ಕೋ. ಕನ್ನಡದಲ್ಲೇ ಬರೆಯಿರಿ, ಸ್ಟೀಮ್ ವಿಮರ್ಶೆಯ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರ ಚೆನ್ನಾಗಿಯೇ ಮೂಡುತ್ತದೆ.